ಚಪ್ಪಾಳೆ ತಟ್ಟದವಳಿಗಾಗಿ ಮಾತು
(ಸ್ವಸಹಾಯ ಸಂಘಗಳ ಸದಸ್ಯೆಯರ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಭಾಷಣ ಮಾಡುವುದು ಹೇಗೆಂದು ಹೇಳಿಕೊಡಲು ನನ್ನನ್ನು ಕರೆದಿದ್ದೀರಿ. ನೀವು ವಾರವಾರ ಸಂಘದಲ್ಲಿ ಲೆಕ್ಕ ಒಪ್ಪಿಸುವವರು, ಕಂತು ಕಟ್ಟದವರನ್ನು ಕೇಳುವವರು, ಬ್ಯಾಂಕಿನಲ್ಲಿ ಮ್ಯಾನೇಜರ ಎದುರು ವಾದಿಸುವವರು. ನಿಮಗೆ ಮಾತು ಬರುವುದಿಲ್ಲವೆಂದು ಯಾರು ಹೇಳಿದರು? ನಮಗೆ ರೂಢಿಯಿಲ್ಲದ್ದು ಒಂದೇ: ಗಂಡಸರೂ ಕೂತ ಸಭೆಯಲ್ಲಿ ವರದಕ್ಷಿಣೆಯ ಮಾತು, ಹೊಡೆತದ ಮಾತು ಎತ್ತುವುದು. 'ಮನೆ ಮಾತು ಬೀದಿಗೆ ತರಬೇಡ' ಎನ್ನುತ್ತಾರೆ. ಈ ಬುದ್ಧಿವಾದ ಹೊಡೆದವನಿಗಲ್ಲ, ಹೊಡೆಸಿಕೊಂಡವಳಿಗೆ.

ಗ್ರಾಮಸಭೆಯಲ್ಲಿ ಈ ವಿಷಯದ ಮೇಲೆ ಐದು ನಿಮಿಷ ಮಾತನಾಡಬೇಕು ಎಂದಿಟ್ಟುಕೊಳ್ಳೋಣ. ಅಲ್ಲಿ ಹಿಂದಿನ ಸಾಲಿನಲ್ಲಿ ನೆನ್ನೆ ರಾತ್ರಿ ಏಟು ತಿಂದ ಒಬ್ಬಳು ಕೂತಿರಬಹುದು. ಪಕ್ಕದಲ್ಲೇ ಅವಳ ಅತ್ತೆ. ಅವಳು ಚಪ್ಪಾಳೆ ತಟ್ಟುವುದಿಲ್ಲ, ತಲೆಯನ್ನೂ ಎತ್ತುವುದಿಲ್ಲ. ನಿಮ್ಮ ಭಾಷಣ ಅವಳಿಗಾಗಿ. ಇದು ಮನಸ್ಸಿನಲ್ಲಿದ್ದರೆ ಏನು ಹೇಳಬೇಕು, ಏನು ಹೇಳಬಾರದು ಎಂಬುದು ತಾನಾಗಿ ತಿಳಿಯುತ್ತದೆ.

ಮೊದಲನೆಯದಾಗಿ, ಅವಳ ಕಥೆಯನ್ನು ಹೇಳಬೇಡಿ. ಹೆಸರು ಬಿಟ್ಟರೆ ಸಾಲದು. 'ಮೇಲಿನ ಕೇರಿಯ ಎರಡು ಮಕ್ಕಳ ತಾಯಿ' ಎಂದರೆ ಸಾಕು, ಇಡೀ ಸಭೆ ಹಿಂತಿರುಗಿ ನೋಡುತ್ತದೆ. ಭಾಷಣ ನಿಮ್ಮದು, ಸಂಜೆ ಅದರ ಬೆಲೆ ತೆರುವವಳು ಅವಳು. ಎಲ್ಲರ ಮನೆಯಲ್ಲೂ ನಡೆಯುವುದನ್ನು ಹೇಳಿ: ಮದುವೆಯಲ್ಲಿ ಬೈಕು, ಆಮೇಲೆ ಸೈಟಿಗೆ ದುಡ್ಡು, ಗೌರಿ ಹಬ್ಬಕ್ಕೆ ತವರಿಗೆ ಹೋದವಳು ಬರಿಗೈಲಿ ಬಂದಳೆಂಬ ಕೊಂಕು. ಕೇಳುವವಳು ತನ್ನದನ್ನು ತಾನೇ ಗುರುತಿಸಿಕೊಳ್ಳುತ್ತಾಳೆ.

ಎರಡನೆಯದು, ಕಾನೂನು. ಸ್ವಲ್ಪವೇ ಹೇಳಿ, ಆದರೆ ಸರಿಯಾಗಿ ಹೇಳಿ. ಸಭೆಯಲ್ಲಿ ಎದುರು ಮಾತು ಬಂದೇ ಬರುತ್ತದೆ.

'ಕೊಟ್ಟವರದ್ದೂ ತಪ್ಪಲ್ಲವೇ? ದೂರು ಕೊಟ್ಟರೆ ನೀವೇ ಒಳಗೆ ಹೋಗುತ್ತೀರಿ' ಎನ್ನುತ್ತಾರೆ. 1961ರ ವರದಕ್ಷಿಣೆ ನಿಷೇಧ ಕಾಯಿದೆಯಲ್ಲಿ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ ನಿಜ. ಆದರೆ ನೊಂದವರು ಕೊಟ್ಟ ಹೇಳಿಕೆಯ ಮೇಲೆ ಅವರ ಮೇಲೆಯೇ ಮೊಕದ್ದಮೆ ಹೂಡುವಂತಿಲ್ಲವೆಂದು ಅದೇ ಕಾಯಿದೆಯ 7ನೆಯ ಕಲಮು ಹೇಳುತ್ತದೆ.

'498ಎ ಈಗ ಎಲ್ಲಿದೆ?' ಎಂದು ಇನ್ನೊಬ್ಬರು ಕೇಳುತ್ತಾರೆ. 1983ರಲ್ಲಿ ಬಂದ ಆ ಕಲಮಿನ ಸಂಖ್ಯೆ ಬದಲಾಗಿದೆ, ಅಪರಾಧ ಹಾಗೆಯೇ ಇದೆ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೆಯ ಕಲಮು. ಶಿಕ್ಷೆ ಮೂರು ವರ್ಷದವರೆಗೆ ಜೈಲು, ಜೊತೆಗೆ ದಂಡ.

'ಕೇಸು ಹಾಕಿದರೆ ಮನೆಯಿಂದ ಹೊರಗೆ' ಎಂಬ ಬೆದರಿಕೆ ಎಲ್ಲಕ್ಕಿಂತ ದೊಡ್ಡದು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯ ಪ್ರಕಾರ, ಮನೆ ಅವಳ ಹೆಸರಿನಲ್ಲಿ ಇಲ್ಲದಿದ್ದರೂ ಅಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ಮ್ಯಾಜಿಸ್ಟ್ರೇಟರು ರಕ್ಷಣೆಯ ಆದೇಶ ಕೊಡಬಹುದು. ವಕೀಲರ ಫೀಸಿಗೆ ಹೆದರಬೇಕಿಲ್ಲ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಕಾನೂನು ಸೇವಾ ಸಮಿತಿಯಿಂದ ಉಚಿತ ನೆರವು ಸಿಗುತ್ತದೆ.

ಮೂರನೆಯದು, ಬೇಡಿಕೆ. 'ಸಮಾಜ ಬದಲಾಗಬೇಕು' ಎಂದು ಮುಗಿಸಿದರೆ ಎಲ್ಲರೂ ತಲೆದೂಗಿ ಮನೆಗೆ ಹೋಗುತ್ತಾರೆ. 'ಮಹಿಳಾ ಸಹಾಯವಾಣಿ 181 ಎಂದು ಪಂಚಾಯಿತಿ ಗೋಡೆಯ ಮೇಲೆ ಬರೆಸಿ' ಎಂದು ಕೇಳಿ. ಅದು ನಡಾವಳಿ ಪುಸ್ತಕಕ್ಕೆ ಏರುವವರೆಗೆ ಕೂರಬೇಡಿ. ಬರೆಯದ ಮಾತು ಸಭೆಯ ಜೊತೆಗೇ ಮುಗಿದುಹೋಗುತ್ತದೆ.

ಇನ್ನು ತಯಾರಿ. ಪೂರ್ತಿ ಬರೆದುಕೊಂಡು ಓದಬೇಡಿ. ಚೀಟಿಯಲ್ಲಿ ಐದಾರು ಪದ, ಇಸವಿ, ಕಲಮಿನ ಸಂಖ್ಯೆ ಇದ್ದರೆ ಸಾಕು. ಮೊದಲ ವಾಕ್ಯ, ಕೊನೆಯ ವಾಕ್ಯ ಬಾಯಿಪಾಠವಿರಲಿ. ರೊಟ್ಟಿ ತಟ್ಟುತ್ತಾ ಗಟ್ಟಿಯಾಗಿ ಹೇಳಿಕೊಳ್ಳಿ. ಆಮೇಲೆ ಸಂಘದ ಇಬ್ಬರೆದುರು ಹೇಳಿ, ಗಡಿಯಾರ ನೋಡಲು ಹೇಳಿ. ವೇದಿಕೆಯ ಮೇಲಿರುವವರ ಹೆಸರು ಹೇಳುವುದರಲ್ಲೇ ಎರಡು ನಿಮಿಷ ಕಳೆಯಬೇಡಿ. ಪುಸ್ತಕದ ಕನ್ನಡ ಬೇಡ, ನಿಮ್ಮ ಊರಿನ ಮಾತೇ ಆಗಲಿ. ಕೈ ನಡುಗಿದರೆ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿಯಿರಿ. ಗಂಟಲು ಕಟ್ಟಿದರೆ ನಿಲ್ಲಿಸಿ, ನೀರು ಕುಡಿಯಿರಿ, ಸಭೆ ಕಾಯುತ್ತದೆ. ಯಾರಾದರೂ ನಕ್ಕರೆ ಅವರಿಗೆ ಉತ್ತರ ಕೊಡಲು ಹೋಗದೆ ನಿಮ್ಮ ಮುಂದಿನ ಮಾತು ಹೇಳಿ. ಗಂಡಸರನ್ನೆಲ್ಲ ಬೈಯಬೇಡಿ, ನಾಳೆ ಮದುವೆಯಾಗುವ ಹುಡುಗನೂ ಅಲ್ಲಿ ಕೂತಿರುತ್ತಾನೆ, ಅವನಿಗೂ ಎರಡು ಮಾತು ಹೇಳಿ.

ಮಾತು ಮುಗಿದ ಮೇಲೆ ಬೇಗ ಹೊರಡಬೇಡಿ. ನಲ್ಲಿಯ ಹತ್ತಿರವೋ ಚಪ್ಪಲಿ ಬಿಟ್ಟ ಕಡೆಯೋ ಸ್ವಲ್ಪ ಹೊತ್ತು ಒಬ್ಬರೇ ನಿಂತಿರಿ. 'ಅಕ್ಕಾ, ಆ ನಂಬರು ಎಷ್ಟು ಅಂದ್ರಿ?' ಎಂದು ಯಾರಾದರೂ ಮೆಲ್ಲಗೆ ಕೇಳಬಹುದು. ಆಗ ನಂಬರು ಮಾತ್ರ ಹೇಳಿ ಕಳಿಸಬೇಡಿ. 'ನಾನೂ ಜೊತೆಗೆ ಬರ್ತೀನಿ' ಅನ್ನಿ. ಅಷ್ಟು ಅನ್ನುವ ಧೈರ್ಯ ನಿಮಗಿದ್ದರೆ ಮೈಕಿನ ಮುಂದೆ ನಿಲ್ಲುವುದು ಕಷ್ಟವೇನಲ್ಲ.