ಮೊದಲ ಗುಟುಕು ಯಾರ ಕೈಯಿಂದ?



ಸಂಜೆಯ ಹೊತ್ತು ಅಪ್ಪ ಜಗಲಿಯ ಮೇಲೆ ಕೂತೇ ಮಗನನ್ನು ಕರೆಯುತ್ತಾನೆ. ಕೈಗೆ ನೋಟು ತುರುಕಿ, "ಒಂದು ಕ್ವಾರ್ಟರ್ ತಗೊಂಡು ಬಾ, ಉಳಿದ ಚಿಲ್ಲರೆ ನೀನೇ ಇಟ್ಕೋ" ಅನ್ನುತ್ತಾನೆ. ಹುಡುಗ ಏಳನೇ ಕ್ಲಾಸು. ಅಂಗಡಿಯವನಿಗೆ ಅವನು ಯಾರ ಮಗನೆಂದು ಗೊತ್ತು; ಮರುಮಾತಿಲ್ಲದೆ ಕೊಟ್ಟು ಕಳಿಸುತ್ತಾನೆ. ನಮ್ಮ ಎಷ್ಟೋ ಊರುಗಳಲ್ಲಿ ಇದು ಯಾರ ಕಣ್ಣಿಗೂ ತಪ್ಪಾಗಿ ಕಾಣುವುದಿಲ್ಲ. ಮುಂದೆ ಅದೇ ಹುಡುಗ ಹದಿನಾರರ ವಯಸ್ಸಿಗೆ ಕುಡಿದು ಬಂದರೆ ಮಾತ್ರ ಮನೆಯವರೆಲ್ಲ ಒಂದೇ ಬಾಯಲ್ಲಿ, "ಏನು ಮಾಡೋದು, ಸಹವಾಸ ದೋಷ" ಅನ್ನುತ್ತೇವೆ.

ಮಗುವಿಗೆ ಮೊದಲ ಸಹವಾಸ ನಮ್ಮದೇ ಅಲ್ಲವೇ? ಮದುವೆ ಮನೆಯ ಹಿತ್ತಲಲ್ಲಿ, ಜಾತ್ರೆಯ ಬಾಡೂಟದಲ್ಲಿ, "ಒಂದು ಗುಟುಕು ಕುಡಿ, ಏನೂ ಆಗಲ್ಲ, ಗಂಡಸಲ್ವೇನೋ" ಎಂದು ಲೋಟ ಮುಂದೆ ಚಾಚುವವರು ಹೊರಗಿನವರಲ್ಲ. ಒಬ್ಬ ಮಾವ, ಒಬ್ಬ ಚಿಕ್ಕಪ್ಪ, ಒಬ್ಬ ದೊಡ್ಡ ಅಣ್ಣ. ಪ್ರೀತಿಯಿಂದಲೇ ಕೊಡುತ್ತಾರೆ. ಅದಕ್ಕೇ ಹುಡುಗನಿಗೆ ಬೇಡವೆನ್ನಲು ಬಾಯಿ ಬರುವುದಿಲ್ಲ.

ಏನೂ ಆಗುವುದಿಲ್ಲ ಎಂಬ ಮಾತು ನಿಜವೂ ಅಲ್ಲ. ಮನುಷ್ಯನ ಮೆದುಳು ಪೂರ್ತಿ ಬಲಿಯಲು ಇಪ್ಪತ್ತೈದರ ಆಸುಪಾಸು ಆಗುತ್ತದೆ. ಮುಂದಾಲೋಚನೆ, ಮನಸ್ಸಿನ ಹತೋಟಿ ಇವು ಕೊನೆಗೆ ಬಲಿಯುವ ಭಾಗದ ಕೆಲಸಗಳು. ಹದಿನೈದು ತುಂಬುವ ಮೊದಲೇ ಕುಡಿಯಲು ತೊಡಗಿದವರು ಮುಂದೆ ಚಟಕ್ಕೆ ಬೀಳುವ ಸಂಭವ, ಇಪ್ಪತ್ತೊಂದು ದಾಟಿ ತೊಡಗಿದವರಿಗಿಂತ ಹಲವು ಪಟ್ಟು ಹೆಚ್ಚು. ಆರೋಗ್ಯದ ಮಟ್ಟಿಗೆ ಅಪಾಯವೇ ಇಲ್ಲದ ಅಳತೆಯೆಂಬುದು ಮದ್ಯಕ್ಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿಯೇ ಹೇಳಿತು.

ಕಾನೂನು ಈ ವಿಷಯದಲ್ಲಿ ನಮಗಿಂತ ಎಚ್ಚರವಾಗಿದೆ. ಕರ್ನಾಟಕದ ಅಬಕಾರಿ ನಿಯಮದ ಪ್ರಕಾರ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆಯಡಿ ಮಕ್ಕಳ ಕೈಯಲ್ಲಿ ಮದ್ಯ ಮಾರಿಸುವುದಕ್ಕೆ, ಸಾಗಿಸುವುದಕ್ಕೆ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. 2023ರ ಜನವರಿಯಲ್ಲಿ ವಯಸ್ಸಿನ ಮಿತಿಯನ್ನು 18ಕ್ಕೆ ಇಳಿಸುವ ಕರಡು ಹೊರಬಂದಾಗ ಜನ ಆಕ್ಷೇಪಿಸಿದರು, ಸರ್ಕಾರ ಅದನ್ನು ಕೈಬಿಟ್ಟಿತು. ಸಾರಾಯಿ ನಿಷೇಧವಾದದ್ದು 2007ರ ಜುಲೈನಲ್ಲಿ. ಆದರೂ 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧ ಬೇಕೆಂದು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದೇ ಬಂದರು. ಸಾರಾಯಿ ಪ್ಯಾಕೆಟ್ಟು ಹೋಗಿ ಬಾಟಲಿ ಬಂದಿತ್ತು. ಮನೆಯ ಸಂಕಟ ಹಾಗೇ ಇತ್ತು. ಸರ್ಕಾರ ಅಂಗಡಿಯ ಬಾಗಿಲು ಹಾಕಿಸಬಹುದು. ಮನೆಯೊಳಗಿನ ರೂಢಿಯನ್ನು ಮನೆಯವರೇ ಬಿಡಬೇಕು.

ದೊಡ್ಡವರು ರೂಢಿ ಬದಲಿಸಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಐಸ್‌ಲ್ಯಾಂಡ್ ಎಂಬ ಪುಟ್ಟ ದೇಶವನ್ನು ನೋಡಬೇಕು. 1998ರಲ್ಲಿ ಅಲ್ಲಿ ಹದಿನೈದು ಹದಿನಾರರ ವಯಸ್ಸಿನ ನೂರು ಮಕ್ಕಳಲ್ಲಿ 42 ಮಂದಿ, ಹಿಂದಿನ ಒಂದು ತಿಂಗಳಲ್ಲಿ ಅಮಲೇರುವಷ್ಟು ಕುಡಿದವರಿದ್ದರು. 2016ರ ಹೊತ್ತಿಗೆ ಆ ಸಂಖ್ಯೆ ಐದಕ್ಕೆ ಇಳಿದಿತ್ತು. ಅವರು ಮಕ್ಕಳಿಗೆ ಬರೀ ಉಪದೇಶ ಮಾಡುತ್ತ ಕೂರಲಿಲ್ಲ. ಆಟಕ್ಕೆ, ಸಂಗೀತಕ್ಕೆ ಹಣವಿಟ್ಟರು. ಚಿಕ್ಕವರಿಗೆ ಮದ್ಯ ಕೊಡಿಸುವುದಿಲ್ಲವೆಂದು ತಂದೆತಾಯಿಗಳು ತಮ್ಮತಮ್ಮಲ್ಲಿ ಒಪ್ಪಂದ ಮಾಡಿಕೊಂಡರು. ರಾತ್ರಿ ಹೊತ್ತು ಸರದಿಯಲ್ಲಿ ಬೀದಿ ಸುತ್ತಿ, ಹೊರಗಿದ್ದ ಮಕ್ಕಳನ್ನು ಮನೆಗೆ ಕಳಿಸಿದರು. ನಮ್ಮ ಊರಲ್ಲೂ ಇದು ಸಾಧ್ಯ. ಶಾಲಾಭಿವೃದ್ಧಿ ಸಮಿತಿ ಇದೆ, ಸ್ತ್ರೀಶಕ್ತಿ ಸಂಘವಿದೆ, ಗ್ರಾಮಸಭೆ ಇದೆ. ಕಿರಾಣಿ ಅಂಗಡಿಯಲ್ಲಿ ಕದ್ದು ಮಾರುವ ಬಾಟಲಿಯ ಬಗ್ಗೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ.

ಇನ್ನೊಂದು ಮಾತು. ಕುಡುಕನನ್ನು ಸಿನಿಮಾದಲ್ಲಿ ಕಂಡು ನಗುತ್ತೇವೆ, ಬೀದಿಯಲ್ಲಿ ಕಂಡು ಹಳಿಯುತ್ತೇವೆ. ನಗುವುದರಿಂದ ಮಕ್ಕಳಿಗೆ ಕುಡಿತ ತಮಾಷೆಯಾಗುತ್ತದೆ. ಹಳಿಯುವುದರಿಂದ ಆ ಮನೆಯವರು ನಾಚಿ ಬಾಗಿಲು ಮುಚ್ಚಿಕೊಳ್ಳುತ್ತಾರೆ. ಈ ಎರಡರ ನಡುವೆ ಆಸ್ಪತ್ರೆಯ ದಾರಿ ಯಾರಿಗೂ ಕಾಣುವುದಿಲ್ಲ. ಮದ್ಯವ್ಯಸನ ಸಕ್ಕರೆ ಕಾಯಿಲೆಯಂತೆ ಚಿಕಿತ್ಸೆ ಬೇಡುವ ಕಾಯಿಲೆ. ದೇವರ ಮುಂದೆ ಆಣೆ ಹಾಕಿಸಿದ ಮಾತ್ರಕ್ಕೆ ಅದು ಗುಣವಾಗದು. ಬಹುಕಾಲ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಫಿಟ್ಸ್, ಭ್ರಮೆ ಬಂದು ಪ್ರಾಣಕ್ಕೇ ಕುತ್ತಾಗಬಹುದು. ವೈದ್ಯರ ನಿಗಾದಲ್ಲಿ ಬಿಡಿಸಬೇಕು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಮುಕ್ತಿಗೆಂದೇ ವಿಭಾಗವಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. 14446 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಲು ಕಾಸೂ ಖರ್ಚಿಲ್ಲ. ಪಕ್ಕದ ಮನೆಯ ಸಂಕಟ ನಿಮಗೆ ಗೊತ್ತಿದ್ದರೆ, ಆ ಮನೆಯ ತಾಯಿಗೆ ಈ ನಂಬರನ್ನು ಇವತ್ತೇ ಬರೆದು ಕೊಡಿ. ಬೇಕಾದರೆ ಆಸ್ಪತ್ರೆಯ ತನಕ ಜೊತೆಗೂ ಹೋಗಿ.