ಚೋಮನಿಗೆ ಯಾರ ಮುಖ?

(ಬಸವಕಲ್ಯಾಣ, ಹುಮನಾಬಾದಿನ ಕಾರ್ಮಿಕರು ಮತ್ತು ವರ್ತಕರ ಮುಂದೆ ಮಾಡಿದ ಭಾಷಣ)



ಬಸವಣ್ಣನವರು ನಡೆದಾಡಿದ ಈ ಕಲ್ಯಾಣದಲ್ಲಿಯೂ ಅವರ ಮುಖ ನಮಗೆ ಪರಿಚಯವಾದದ್ದು ಚಿತ್ರಕಾರರು ಬರೆದ ಪಟಗಳಿಂದ. 1959ರಲ್ಲಿ ‘ಜಗಜ್ಯೋತಿ ಬಸವೇಶ್ವರ’ ಚಿತ್ರ ಬಂತು. ಹೊನ್ನಪ್ಪ ಭಾಗವತರು ಬಸವಣ್ಣನವರ ಪಾತ್ರ ವಹಿಸಿದರು. ನೋಡಿದವರ ಮನಸ್ಸಿನಲ್ಲಿ ಪಟದ ಪಕ್ಕಕ್ಕೆ ಇನ್ನೊಂದು ಮುಖ ಬಂದು ಕುಳಿತಿತು. ಕಾದಂಬರಿಯ ಪಾತ್ರದ ಗತಿಯೂ ಇದೇ. ಓದುವಾಗ ಒಬ್ಬೊಬ್ಬರಿಗೆ ಒಂದೊಂದು ಮುಖ ಕಾಣುತ್ತದೆ. ಚಿತ್ರವಾದ ಮೇಲೆ ಎಲ್ಲರಿಗೂ ಒಂದೇ ಮುಖ. ಆ ಮುಖವನ್ನು ಆರಿಸುವವನು ಕಥೆಯ ಅರ್ಥವನ್ನೇ ಆರಿಸುತ್ತಾನೆ.

ಕಾದಂಬರಿಯಿಂದ ಹುಟ್ಟಿದ ಎರಡು ಚಿತ್ರಗಳನ್ನು ಜೋಡಿಸಿ ನೋಡೋಣ. ಎರಡರ ನಾಯಕನಿಗೂ ಬೇಸಾಯದ ಹಂಬಲ.

ಮೊದಲನೆಯದು ಟಿ. ಕೆ. ರಾಮರಾಯರ ಕಾದಂಬರಿಯಿಂದ 1972ರಲ್ಲಿ ಬಂದ ‘ಬಂಗಾರದ ಮನುಷ್ಯ’. ರಾಜೀವನ ಪಾತ್ರ ರಾಜ್‌ಕುಮಾರರದು. ಅವರು ಬರಡು ನೆಲದಲ್ಲಿ ನಿಂತರೆ ಸಾಕು, ನೆಲ ಹಸಿರಾಗಿಯೇ ತೀರುತ್ತದೆಂಬ ಧೈರ್ಯ ನಮಗೆ ಮೊದಲೇ ಬರುತ್ತದೆ. ದುಡಿಮೆಗೆ ಮರ್ಯಾದೆ ತರುವ ಆ ಕಥೆಗೆ ಈ ಧೈರ್ಯ ಬೇಕಿತ್ತು. ಕೊನೆಯಲ್ಲಿ ಅವನು ಎಲ್ಲವನ್ನೂ ಬಿಟ್ಟು ನಡೆದುಬಿಟ್ಟಾಗ ಕರುಳು ಹಿಂಡುವುದೂ ಅದರಿಂದಲೇ. ಇಲ್ಲಿ ಹೆಸರಾಂತ ನಟನ ಆಯ್ಕೆ ಸರಿ.

ಎರಡನೆಯದು ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ ‘ಚೋಮನ ದುಡಿ’. ಚೋಮ ಅಸ್ಪೃಶ್ಯನೆನಿಸಿಕೊಂಡ ಆಳು. ಎತ್ತುಗಳಿವೆ, ತೋಳಿನಲ್ಲಿ ಬಲವಿದೆ. ಉಳಲು ತುಂಡು ನೆಲವಿಲ್ಲ. ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. 1975ರಲ್ಲಿ ಬಿ. ವಿ. ಕಾರಂತರು ಇದನ್ನು ಚಿತ್ರ ಮಾಡಿದಾಗ ಚೋಮನಾದವರು ಎಂ. ವಿ. ವಾಸುದೇವರಾವ್. ನಾಯಕನಟರೆಂದು ಮೆರೆದವರಲ್ಲ. ಹೆಸರಾಂತ ನಾಯಕನೊಬ್ಬನನ್ನು ಅಲ್ಲಿ ನಿಲ್ಲಿಸಿದ್ದರೆ, ಧಣಿಯ ಮೇಲೆ ಯಾವಾಗ ಕೈ ಎತ್ತುತ್ತಾನೆಂದು ನಾವು ಕಾಯುತ್ತ ಕೂರುತ್ತಿದ್ದೆವು. ವಾಸುದೇವರಾಯರ ಮುಖದಲ್ಲಿ ಅಂಥ ಭರವಸೆ ಇಲ್ಲ. ನೆಲ ಸಿಕ್ಕೀತೋ ಇಲ್ಲವೋ ಎಂದು ಚೋಮನಷ್ಟೇ ನಾವೂ ತಳಮಳಿಸುತ್ತೇವೆ. ಚಿತ್ರಕ್ಕೆ ರಾಷ್ಟ್ರದ ಸ್ವರ್ಣಕಮಲ, ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂದವು.

ವರ್ತಕ ಮಿತ್ರರು ಕೇಳಬಹುದು: ಹೆಸರಿಲ್ಲದ ನಟನಿಗೆ ಟಿಕೀಟು ಯಾರು ಕೊಳ್ಳುತ್ತಾರೆ? ಬಂಡವಾಳ ಹಾಕಿದವನು ಅದನ್ನು ಹಿಂದಕ್ಕೆ ಪಡೆಯಬೇಡವೇ? ಪ್ರಶ್ನೆ ನ್ಯಾಯವಾದದ್ದೇ. ಆದರೆ ತ. ರಾ. ಸು. ಅವರ ಕಾದಂಬರಿಯಿಂದ 1972ರಲ್ಲೇ ‘ನಾಗರಹಾವು’ ತೆಗೆದ ಪುಟ್ಟಣ್ಣ ಕಣಗಾಲ್, ರಾಮಾಚಾರಿಯ ಪಾತ್ರವನ್ನು ಹೊಸಬ ವಿಷ್ಣುವರ್ಧನನಿಗೆ ಕೊಟ್ಟರು. ಜನ ಮುಗಿಬಿದ್ದು ನೋಡಿದರು. ಅನಂತಮೂರ್ತಿಯವರ ‘ಸಂಸ್ಕಾರ’ 1970ರಲ್ಲಿ ಚಿತ್ರವಾದಾಗ ಗಿರೀಶ ಕಾರ್ನಾಡ, ಪಿ. ಲಂಕೇಶರೆಂಬ ಸಾಹಿತಿಗಳೇ ಬಣ್ಣ ಹಚ್ಚಿದರು. ಪಾತ್ರಕ್ಕೆ ಒಪ್ಪುವ ಮುಖವನ್ನು ಜನ ಒಪ್ಪುತ್ತಾರೆ. ಜನರಿಗೆ ರುಚಿಯಿಲ್ಲವೆಂಬ ಮಾತು ಬಂಡವಾಳದವರ ಭಯದಿಂದ ಹುಟ್ಟಿದ್ದು.

ಇನ್ನೊಂದು ಮಾತು. ಚೋಮನ ಚಿತ್ರಕ್ಕೆ ಒಂದು ವರ್ಷ ಮುಂಚೆ, 1974ರಲ್ಲಿ, ನಮ್ಮ ರಾಜ್ಯದ ಭೂಸುಧಾರಣಾ ಕಾಯಿದೆಗೆ ದೊಡ್ಡ ತಿದ್ದುಪಡಿ ಜಾರಿಗೆ ಬಂದಿತ್ತು. ಗೇಣಿದಾರ ಒಡೆಯನಾಗಬಹುದಾಯಿತು. ಆದರೆ ಗೇಣಿಯೂ ಇಲ್ಲದ ಚೋಮನಿಗೆ? ತೆರೆಯ ಮೇಲೆ ಚೋಮ ಗೆದ್ದಿದ್ದರೆ ಈ ಪ್ರಶ್ನೆ ಟಾಕೀಸಿನಲ್ಲೇ ಮುಗಿಯುತ್ತಿತ್ತು. ಆ ಬಡಕಲು ಮುಖ ಅದನ್ನು ನಮ್ಮ ಮನೆಯವರೆಗೆ ಕಳಿಸಿತು.

ನಾಳೆ ಗಿರಣಿಯ ಪಾಳಿಗೆ ಓಡುವವನ ಕಥೆ, ತಲೆಹೊರೆಯ ವ್ಯಾಪಾರಿಯ ಕಥೆ ಚಿತ್ರವಾದೀತು. ಆಗ ಪಾತ್ರಧಾರಿಯ ಹೆಸರು ನೋಡುವ ಮೊದಲು ಅವನ ಮುಖ ನೋಡಿ. ಆ ಬೆವರು ನಿಮ್ಮದೇ ಹೌದೋ ಅಲ್ಲವೋ, ನಿಮಗಿಂತ ಚೆನ್ನಾಗಿ ಹೇಳಬಲ್ಲವರು ಯಾರಿದ್ದಾರೆ?