ಬೆಸುಗೆಗೆ ಮರಳೋ, ಬಿಳಿಗಾರವೋ?

ಅಕ್ಕಸಾಲಿಗನು ಮುರಿದ ಬಳೆಯನ್ನು ಬೆಸೆಯುವ ಮುನ್ನ ಕೊಂಚ ಬಿಳಿಗಾರ ಸವರುವುದನ್ನು ನೀವು ನೋಡಿರಬಹುದು. ಡಮಾಸ್ಕಸ್ ಉಕ್ಕಿನ ಕತ್ತಿ ಮಾಡುವ ಕಮ್ಮಾರನ ಕುಲುಮೆಯಲ್ಲಿಯೂ ಈ ಬಿಳಿಗಾರಕ್ಕೆ ಸ್ಥಾನವುಂಟು. ಏಕೆಂಬುದನ್ನು ಈಗ ವಿಚಾರಿಸೋಣ.

ಡಮಾಸ್ಕಸ್ ಎಂಬ ಹೆಸರಿನಲ್ಲಿ ಎರಡು ಬಗೆ. ಹಳೆಯ ಪ್ರಸಿದ್ಧ ಖಡ್ಗಗಳು ಮೂಸೆಯಲ್ಲಿ ಕರಗಿಸಿದ ಉಕ್ಕಿನ ಒಂದೇ ಗಟ್ಟಿಯನ್ನು ಬಡಿದು ಮಾಡಿದವು. ಭಾರತದ ಅಂಥ ಉಕ್ಕಿಗೆ ಇಂಗ್ಲಿಷರಿಟ್ಟ ‘ವೂಟ್ಸ್’ ಎಂಬ ಹೆಸರು ನಮ್ಮ ‘ಉಕ್ಕು’ ಶಬ್ದದಿಂದಲೇ ಬಂದಿತೆಂದು ಅನೇಕ ವಿದ್ವಾಂಸರ ಮತ. ಅದರಲ್ಲಿ ಬೆಸುಗೆಯಿಲ್ಲ. ಇಂದು ಡಮಾಸ್ಕಸ್ ಎಂದು ಮಾರುವ ಚಾಕುಗಳಾದರೋ ಬಹುಮಟ್ಟಿಗೆ ಎರಡು ಜಾತಿಯ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು, ಕಾಸಿ, ಬಡಿದು ಒಂದಾಗಿಸಿದವು.

ಕಾದ ಉಕ್ಕಿಗೆ ಗಾಳಿ ತಗುಲಿದೊಡನೆ ಕಿಟ್ಟ ಕಟ್ಟುತ್ತದೆ. ಕಿಟ್ಟ ನಡುವಿದ್ದರೆ ಉಕ್ಕಿಗೆ ಉಕ್ಕು ಕೂಡದು. ಅದು ತಾನಾಗಿ ಕರಗಲು ಸುಮಾರು 1370 ಡಿಗ್ರಿ ಸೆಂಟಿಗ್ರೇಡ್ ಕಾವು ಬೇಕು. ಮೆದು ಕಬ್ಬಿಣ ಅಷ್ಟನ್ನು ತಾಳೀತು. ಇಂಗಾಲ ಹೆಚ್ಚಿರುವ ಉಕ್ಕು ಕಿಡಿಯುಗುಳಿ ಕೆಟ್ಟುಹೋಗುತ್ತದೆ. ಆದುದರಿಂದ ಕಿಟ್ಟವನ್ನು ಕಡಿಮೆ ಕಾವಿನಲ್ಲೇ ಕರಗಿಸುವ ಪುಡಿಯೊಂದು ಬೇಕು. ಇದಕ್ಕೇ ಫ್ಲಕ್ಸ್ ಎನ್ನುತ್ತಾರೆ. ಇದು ಅಂಟಲ್ಲ, ಕೆಲಸ ಮುಗಿಸಿ ಹೊರಗೆ ಹೋಗಬೇಕಾದ ಆಳು.

ಮರಳು ಅಗ್ಗವೇನೋ ನಿಜ. ಆದರೆ ಕಿಟ್ಟದೊಡನೆ ಕೂಡಿ ಚೆನ್ನಾಗಿ ಹರಿಯಲು ಅದಕ್ಕೆ 1200 ಡಿಗ್ರಿಯಷ್ಟು ಕಾವು ಬೇಕು. ಮೆದು ಕಬ್ಬಿಣಕ್ಕೆ ಅದು ಸಾಕು. ಬಿಳಿಗಾರವೋ 740 ಡಿಗ್ರಿಯ ಸುಮಾರಿಗೇ ಕರಗಿ, ಗಾಜಿನಂತೆ ಹರಡಿ, ಗಾಳಿಯನ್ನು ತಡೆದು ಕಿಟ್ಟವನ್ನು ಒಳಗೊಳ್ಳುತ್ತದೆ. ಕತ್ತಿಯ ಉಕ್ಕಿಗೆ ಇದೇ ಲೇಸು. ಆದರೆ ಹಸಿ ಬಿಳಿಗಾರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಕಾಸಿದರೆ ಉಬ್ಬಿ ಉದುರುತ್ತದೆ. ನೀರು ಕಳೆದ ಪುಡಿಯನ್ನೇ ಬಳಸಬೇಕು. ಕರಗಿದ ಬಿಳಿಗಾರ ಒಲೆಯ ಇಟ್ಟಿಗೆಯನ್ನೂ ತಿನ್ನುತ್ತದೆಂಬುದು ನೆನಪಿರಲಿ.

ಕ್ರೋಮಿಯಂ ಬೆರೆತ, ತುಕ್ಕು ಹಿಡಿಯದ ಉಕ್ಕಿಗೆ ಬಿಳಿಗಾರವೊಂದೇ ಸಾಲದು. ಕೆಲವರು ಫ್ಲೋರೈಡ್ ಬೆರೆಸುವುದುಂಟು. ಅದರ ಹೊಗೆ ವಿಷ. ಪಟ್ಟಿಗಳನ್ನು ಉಕ್ಕಿನ ಪೆಟ್ಟಿಗೆಯೊಳಗಿಟ್ಟು, ಗಾಳಿಯಾಡದಂತೆ ಬೆಸೆದು ಕಾಸುವುದೇ ಅಲ್ಲಿ ಮೇಲು.

ಬಡಿದಾಗ ಕರಗಿದ ಪುಡಿ ಅಂಚಿನಿಂದ ಹೊರಚಿಮ್ಮಬೇಕು. ಆ ಚಿಮ್ಮುವಿಕೆಗೆ ಕಣ್ಣು ಬಲಿಯಾಗದಂತೆ ಕನ್ನಡಕ ಇರಲೇಬೇಕು. ಚಿಮ್ಮದೆ ಒಳಗುಳಿದರೆ, ಕೈಯಲ್ಲಿರುವಾಗಲೇ ಅಲಗು ಸೀಳೀತು. ಕೊಳ್ಳುವ ನೀವೂ ಮೇಲಣ ಅಲೆಯಂದಕ್ಕೆ ಮರುಳಾಗದೆ, ಅಂಚಿನಲ್ಲಿ ಬಾಯಿಬಿಟ್ಟ ಗೀರುಂಟೇ ಎಂದು ನೋಡಿರಿ. ಬೆಸುಗೆಯ ಗುಣ ಅಲ್ಲಿ ತಿಳಿಯುತ್ತದೆ.